ಶಿಲೆಯಲ್ಲಿ ಕುಳಿತ ಕರಣಿಕರು

ಪುರಾತನ ಈಜಿಪ್ಟಿನ ಶಿಲ್ಪವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುವು ಅರಸರ ಭವ್ಯಮೂರ್ತಿಗಳು. ಆದರೆ ಆ ನಾಡಿನ ಮಂತ್ರಿಗಳು, ಕರಣಿಕರು ಮೊದಲಾದ ಅಧಿಕಾರಿಗಳ ಶಿಲಾಪ್ರತಿಮೆಗಳು ವಿಚಾರವಂತರ ಗಮನಕ್ಕೆ ಇನ್ನೂ ಹೆಚ್ಚಾಗಿ ಪಾತ್ರವಾಗತಕ್ಕವು. ಅವನ್ನು ಕಂಡವರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ಆ ಮನುಷ್ಯನು ನಿಜವಾಗಿ ಹೀಗೆಯೇ ಇದ್ದನೆ? ಪ್ರಶ್ನೆ ಸಹಜವಾದುದೇ, ಆದರೆ ಪ್ರತಿಮೆಯ ತಿರುಳನ್ನು ಅದು ಮುಟ್ಟದೆಂಬುದು ನನ್ನ ಅಭಿಮತ.

1850ರಲ್ಲಿ ಸಕ್ಕಾರದಲ್ಲಿ ದೊರೆತು, ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಲಿಪಿಕಾರನ ಸುಣ್ಣಕಲ್ಲಿನ ಮೂರ್ತಿಯನ್ನು ನೋಡಿರಿ. ಚಕ್ಕಳಮಕ್ಕಳ ಹಾಕಿ ಕುಳಿತ ಭಂಗಿ, ಸ್ಫಟಿಕದ ಕಣ್ಣು, ಹೇಳುವ ಮಾತಿಗೆ ಕಾದಿರುವಂಥ ಮುಖಭಾವ! ಇಷ್ಟು ಜೀವಂತವಾಗಿದ್ದರೂ ಅವನ ಹೆಸರು ಇಂದಿಗೂ ತಿಳಿಯದು. ಈಜಿಪ್ಟಿನವರ ಎಣಿಕೆಯಲ್ಲಿ ಇದು ಸಣ್ಣ ನಷ್ಟವಲ್ಲ. ಪ್ರತಿಮೆ ಇಂಥವನದೆಂದು ನಿಶ್ಚಯಿಸುತ್ತಿದ್ದುದು ಮುಖವಲ್ಲ, ಕೆತ್ತಿದ ಹೆಸರು. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಕೆತ್ತಿದರೆ ಮೂರ್ತಿಯೇ ಬೇರೊಬ್ಬನದಾಗುತ್ತಿತ್ತು.

ಕ್ರಿ.ಪೂ. 14ನೆಯ ಶತಮಾನದಲ್ಲಿ, ಮೂರನೆಯ ಅಮೆನ್‌ಹೊಟೆಪ್ ದೊರೆಯ ಆಳ್ವಿಕೆಯಲ್ಲಿ, ಅರಸನ ಹೆಸರನ್ನೇ ಹೊತ್ತ ಅಧಿಕಾರಿಯೊಬ್ಬನಿದ್ದನು: ಹಪುವಿನ ಮಗ ಅಮೆನ್‌ಹೊಟೆಪ್. ರಾಜನ ನಿರ್ಮಾಣಕಾರ್ಯಗಳೆಲ್ಲ ಇವನ ಕೈಯಲ್ಲಿದ್ದುವು. ಇಷ್ಟು ಅಧಿಕಾರವಿದ್ದವನು ಕಾರ್ನಾಕ್ ದೇವಾಲಯದಲ್ಲಿ ತನ್ನನ್ನು ನೆಲದ ಮೇಲೆ ಕುಳಿತ ಬರಹಗಾರನಾಗಿ ಕಡೆಯಿಸಿಕೊಂಡನು. 1913ರಲ್ಲಿ ಹತ್ತನೆಯ ಮಹಾದ್ವಾರದ ಬಳಿ ದೊರೆತ ಅಂಥ ಎರಡು ಮೂರ್ತಿಗಳಲ್ಲಿ ಹೊಟ್ಟೆಯ ಮಡಿಕೆಗಳು ಸಮೃದ್ಧಿಯನ್ನು ಸೂಚಿಸುತ್ತವೆ. ತೊಡೆಯ ಮೇಲೆ ಬಿಚ್ಚಿದ ಪಪೈರಸ್ ಸುರುಳಿಯಿದೆ. ಅವನದೇ ಇನ್ನೊಂದು ಮೂರ್ತಿಯಲ್ಲಿ 80 ವರ್ಷದ ವೃದ್ಧನ ಸುಕ್ಕುಗಟ್ಟಿದ ಮುಖವಿದೆ. ಅದರ ಶೈಲಿಯಾದರೋ ಹಲವು ಶತಮಾನಗಳ ಹಿಂದಿನ ಮಧ್ಯರಾಜ್ಯ ಕಾಲದ್ದು. ಇವುಗಳಲ್ಲಿ ಅವನ ನಿಜರೂಪ ಯಾವುದು? ಯಾವುದೂ ಅಲ್ಲದಿರಬಹುದು. ಅದರಿಂದ ಅವನಿಗೆ ಕುಂದೇನೂ ಇಲ್ಲ.

ಏಕೆಂದರೆ ಆ ಮೂರ್ತಿ ಒಂದು ಕೆಲಸವನ್ನು ಹೊತ್ತಿತ್ತು. ದೇವಾಲಯದ ಒಳಾವರಣಕ್ಕೆ ಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ಅಂಥವರು ತನ್ನ ಬಳಿಗೆ ಬಂದರೆ ಅವರ ಅಹವಾಲನ್ನು ಅಮುನ್ ದೇವನಿಗೆ ತಾನು ಮುಟ್ಟಿಸುವೆನೆಂದು ಅಲ್ಲಿಯ ಶಾಸನದಲ್ಲಿ ಅವನು ವಚನವಿತ್ತಿದ್ದಾನೆ. ಪ್ರತಿಯಾಗಿ ತನ್ನ ಹೆಸರಿನಲ್ಲಿ ನೈವೇದ್ಯದ ಮಂತ್ರವನ್ನು ನುಡಿಯಬೇಕೆಂದು ಕೋರಿದ್ದಾನೆ, ಸ್ವಾರ್ಥವಿಲ್ಲವೆಂದು ಹೇಳಲಾಗದು. ಆದರೂ ಜನ ನಂಬಿ ಬಂದರು. ಮುಟ್ಟಿ ಮುಟ್ಟಿ ಆ ಕಲ್ಲಿನ ಸುರುಳಿಯ ಮೇಲಣ ಅಕ್ಷರಗಳು ಸವೆದುವು. ಸಾವಿರ ವರ್ಷಗಳ ತರುವಾಯವೂ ದೇರ್ ಎಲ್ ಬಹ್ರಿಯಲ್ಲಿ ರೋಗಿಗಳು ಅವನನ್ನು ದೇವತೆಯೆಂದು ಪ್ರಾರ್ಥಿಸುತ್ತಿದ್ದರು.

ಅಳಿಯಬಾರದೆಂದೇ ಕೆತ್ತಿಸಿದ ಅಕ್ಷರವು ಸವೆದುದನ್ನು ಹಾನಿಯೆಂದು ಎಣಿಸುವವರಿರಬಹುದು. ನನಗಾದರೋ ಅಧಿಕಾರಿಯೊಬ್ಬನಿಗೆ ಸಲ್ಲಬಹುದಾದ ಹಿರಿಯ ಪ್ರಶಸ್ತಿ ಅದೇ ಎಂದು ತೋರುತ್ತದೆ. ಹಿರಿಯರ ಪ್ರತಿಮೆಗಳನ್ನೂ ಭಾವಚಿತ್ರಗಳನ್ನೂ ನಿಲ್ಲಿಸುವ ನಾವು ಮುಖದ ಹೋಲಿಕೆಯನ್ನು ಎಷ್ಟು ಬೇಕಾದರೂ ಪರೀಕ್ಷಿಸೋಣ. ಅದಕ್ಕೂ ಮೊದಲು, ಬಾಗಿಲ ಹೊರಗೆ ನಿಂತವನಿಗೆ ಆ ಹೆಸರಿನಿಂದ ಯಾವ ನೆರವು ಒದಗೀತೆಂಬುದನ್ನು ವಿಚಾರಿಸುವುದು ಲೇಸು.