ಮತ್ತಿ ಮೀನು ಯಾರ ಪಾಲು?

ಕಡಲಿಲ್ಲದ ಕೊಡಗಿಗೆ ಕಡಲ ಮೀನಿನ ಚಿಂತೆ ಯಾತಕ್ಕೆಂದು ಕೆಲವರು ಕೇಳಬಹುದು. ಮಡಿಕೇರಿಯ ಶುಕ್ರವಾರದ ಸಂತೆಯನ್ನು ಒಮ್ಮೆ ಸುತ್ತಿ ಬಂದವರು ಹೀಗೆ ಕೇಳಲಾರರು. ಸಂಪಾಜೆಯ ಘಾಟಿಯನ್ನೇರಿ ಮಂಗಳೂರಿನ ಕಡೆಯಿಂದಲೂ, ಮಾಕುಟ್ಟದ ದಾರಿಯಾಗಿ ಕಣ್ಣೂರಿನ ಕಡೆಯಿಂದಲೂ ಬರುವ ಮೀನನ್ನು ಎದುರುನೋಡುವ ಮನೆಗಳು ನಮ್ಮಲ್ಲಿ ಅಸಂಖ್ಯಾತವಾಗಿವೆ. ಅದರಲ್ಲಿಯೂ ಕರಾವಳಿಯವರು ಬೂತಾಯಿ, ಬೈಗೆ ಎಂದೂ ನಮ್ಮಲ್ಲಿ ಮತ್ತಿ ಎಂದೂ ಕರೆಯುವ ಸಣ್ಣ ಮೀನು ಬಡವರ ಮೀನು. ಕಾಫಿತೋಟದ ಲೈನುಮನೆಯಲ್ಲಿರುವ ಕೂಲಿಗಾರನ ಮಕ್ಕಳಿಗೆ ಮಾಂಸದ ಊಟ ಅಪರೂಪ. ಮತ್ತಿಯ ಸಾರೇ ಅವರ ಮೈಗೆ ಬಲ.

ಈ ಮೀನಿಗೆ ಈಗ ಮನುಷ್ಯನ ಹೊರತು ಮತ್ತೊಬ್ಬ ಗಿರಾಕಿಯು ಇದ್ದಾನೆ. ಸಾಕಿದ ಮೀನು ಮತ್ತು ಸಾಕಿದ ಸಿಗಡಿಯೇ ಆ ಗಿರಾಕಿ. ಉಳ್ಳಾಲದ ಕೋಟೆಪುರ, ಮಲ್ಪೆ ಮೊದಲಾದೆಡೆಗಳ ಕಾರ್ಖಾನೆಗಳಲ್ಲಿ ಮೀನನ್ನು ಬೇಯಿಸಿ, ಹಿಂಡಿ, ಎಣ್ಣೆಯನ್ನು ಬೇರ್ಪಡಿಸಿ, ಉಳಿದುದನ್ನು ಒಣಗಿಸಿ ಹುಡಿ ಮಾಡುತ್ತಾರೆ. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಆ ಹುಡಿಯು ಮೇವಿನ ಗುಳಿಗೆಯಾಗಿ ಸಿಗಡಿಯ ಕೊಳಗಳನ್ನು ಸೇರುತ್ತದೆ. ಕೊಳದ ಸಿಗಡಿಯಲ್ಲಿ ಬಹುಪಾಲು ಪರದೇಶಗಳಿಗೆ ಹಡಗೇರುತ್ತದೆ. ನಮ್ಮ ದೇಶದ ಸಂಪತ್ತು ಹೊರಕ್ಕೆ ಸೋರುವ ಬಗೆಯನ್ನು ದಾದಾಭಾಯಿ ನವರೋಜಿಯವರು ಲೆಕ್ಕವಿಟ್ಟು ತೋರಿಸಿದ್ದರು. ಅಂದು ಪರರಾಜ್ಯವಿದ್ದಿತು. ಇಂದು ಸ್ವರಾಜ್ಯದಲ್ಲಿ ಬಡವನ ತಟ್ಟೆಯಿಂದ ಮೀನೆತ್ತಿ ಪರದೇಶದ ಸಿರಿವಂತನ ಮೇಜಿಗಿಡುವುದನ್ನು ಏನೆಂದು ಕರೆಯೋಣ?

ಇದು ನಮ್ಮೊಬ್ಬರ ಸಂಕಟವಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಲೆಕ್ಕದಂತೆ 2022ರಲ್ಲಿ ಲೋಕದಲ್ಲಿ ಸಾಕಿದ ಜಲಜೀವಿಗಳ ಉತ್ಪತ್ತಿಯು ಹಿಡಿದವುಗಳ ಉತ್ಪತ್ತಿಯನ್ನು ಮೊದಲ ಬಾರಿಗೆ ಮೀರಿತು. ಅದೇ ವರ್ಷ ಸುಮಾರು 170 ಲಕ್ಷ ಟನ್ ಮೀನು ಹುಡಿಯೂ ಎಣ್ಣೆಯೂ ಆಯಿತು. ಕಡಲಿನ ಮೇಲಣ ಭಾರವನ್ನು ಇಳಿಸುವುದಾಗಿ ಹೇಳಿಕೊಂಡು ಬಂದ ಮೀನುಸಾಕಣೆಯೇ ಕಡಲಿಗೆ ಕೈಯೊಡ್ಡಿ ನಿಂತಿದೆ.

ಮತ್ತಿಯ ಪೂರ್ವಚರಿತ್ರೆಯನ್ನು ನಮ್ಮ ತೋಟಗಾರರು ಮರೆಯಬಾರದು. ಕಳೆದ ಶತಮಾನದ ಆದಿಯಲ್ಲಿ, ಮದ್ರಾಸು ಆಧಿಪತ್ಯದಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ನರ ಪ್ರೋತ್ಸಾಹದಿಂದ, ಮಲಬಾರು ಮತ್ತು ದಕ್ಷಿಣ ಕನ್ನಡದ ತೀರದುದ್ದಕ್ಕೂ ಮತ್ತಿಯ ಎಣ್ಣೆ ತೆಗೆದು ಗೊಬ್ಬರ ಮಾಡುವ ಕಾರ್ಖಾನೆಗಳು ಎದ್ದವು. ತಿನ್ನುವ ಮೀನು ತೆಂಗಿಗೂ ಕಾಫಿಗೂ ಗೊಬ್ಬರವಾಯಿತು. ಮುಂದೆ ಮತ್ತಿಯು ವಿರಳವಾಗಲು 1943ರಲ್ಲಿ ಮದ್ರಾಸು ಸರಕಾರವು ಅದರ ಮರಿಗಳನ್ನು ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡಿತು. ನಮ್ಮ ಕಾಲದಲ್ಲಿಯೂ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ ಮತ್ತಿ, 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಕಡಲ ಕಾವಿನ ಏರಿಳಿತವೇ ಇದಕ್ಕೆ ಮುಖ್ಯ ಕಾರಣವೆಂದು ಪಂಡಿತರು ಹೇಳುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬರಗಾಲ ಬಂದೇ ಬರುವುದೆಂದು ತಿಳಿದ ರೈತನು ಬಿತ್ತನೆಯ ಕಾಳನ್ನು ಕುಟ್ಟಿ ತಿನ್ನುವನೇ?

ಕಾರ್ಖಾನೆಯವರು ತಮ್ಮ ಪಕ್ಷವನ್ನು ಹೀಗೆ ಹೇಳುತ್ತಾರೆ: ತಿನ್ನಲಾಗದ ಮೀನು ದಕ್ಕೆಯಲ್ಲಿ ಕೊಳೆತು ಹೋಗುವ ಬದಲು ಹುಡಿಯಾದರೆ ಮೀನುಗಾರನಿಗೆ ನಾಲ್ಕು ಕಾಸು ಸಿಗುತ್ತದೆ. ಮೀನಿನ ತಲೆ, ಮುಳ್ಳು, ಕರುಳುಗಳ ಮಟ್ಟಿಗೆ ಈ ಮಾತು ನಿಜವೇ. ಲೋಕದ ಮೀನುಹುಡಿಯಲ್ಲಿ ಮೂರರಲ್ಲೊಂದು ಪಾಲು ಈಗಾಗಲೇ ಇಂಥ ಉಳಿಕೆಗಳಿಂದ ಬರುತ್ತಿದೆ. ಅದು ಇನ್ನೂ ಬೆಳೆಯಲಿ. ಆದರೆ ಒಮ್ಮೆ ಹಚ್ಚಿದ ಒಲೆಗೆ ದಿನವೂ ಸೌದೆ ಬೇಕು. ಕಸದ ಮೀನಿಗೆ ಬೆಲೆ ಕಟ್ಟಿದ ದಿನವೇ ಕಸವನ್ನು ಹಿಡಿಯುವ ಬಲೆಯೂ ನೀರಿಗಿಳಿಯುತ್ತದೆ. ಆ ಕಸದ ರಾಶಿಯಲ್ಲಿ ಕೆಲವು ತಿಂಗಳಲ್ಲಿ ಬೆಳೆದು ಸಂತೆಗೆ ಬರಬೇಕಾಗಿದ್ದ ಮರಿಗಳೂ ಇರುತ್ತವೆ. ಮೀನುಗಾರನು ಇಂದಿನ ಕಾಸಿಗೆ ನಾಳಿನ ರೂಪಾಯಿಯನ್ನು ಮಾರಿದಂತಾಗುತ್ತದೆ.

ಹಾಗಾದರೆ ಮೀನುಸಾಕಣೆಯೇ ಬೇಡವೆ? ಖಂಡಿತವಾಗಿಯೂ ಬೇಕು, ಆದರೆ ಯಾವ ಮೀನನ್ನು ಸಾಕುತ್ತೇವೆ, ಅದಕ್ಕೆ ಏನನ್ನು ಉಣಿಸುತ್ತೇವೆ ಎಂಬುದೇ ವಿಚಾರ. 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರು ನಮ್ಮ ದೇಶದ ಗೆಂಡೆಯ ಜಾತಿಯ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಆ ಸ್ವದೇಶಿ ವಿದ್ಯೆಯಿಂದ ಕಾಟ್ಲಾ, ರೋಹು, ಮೃಗಾಲ್‌ಗಳ ಮರಿಗಳು ಎಲ್ಲೆಡೆಗೂ ಸಿಗುವಂತಾದುವು. ಈ ಮೀನುಗಳು ನೀರಿನ ಸೂಕ್ಷ್ಮಜೀವಿಗಳನ್ನೂ ಪಾಚಿಯನ್ನೂ ಕೊಳೆತ ಸೊಪ್ಪಿನಂಶವನ್ನೂ ಮೇಯುತ್ತವೆ. ಮೇಲೆ ತೌಡು, ಕಡಲೆಕಾಯಿ ಹಿಂಡಿ ಹಾಕಿದರೆ ಕೊಬ್ಬುತ್ತವೆ. ಕಾಫಿ ಹೂವಿಗೆ ನೀರು ಹಾಯಿಸಲೆಂದು ತೋಡಿದ ಕೆರೆಗಳು ನಮ್ಮ ತೋಟಗಳಲ್ಲಿ ಸಾಕಷ್ಟಿವೆ. ತೌಡಿಗೆ ನಮ್ಮ ಗದ್ದೆಗಳಿವೆ. ಕಡಲ ಒಂದು ಮತ್ತಿಯನ್ನೂ ಬೇಡದೆ ಕೊಡಗು ತನ್ನ ಮೀನನ್ನು ತಾನು ಬೆಳೆಯಬಲ್ಲುದು.

ಆದರೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯ ಸಹಾಯಧನವು ಇಕ್ಕಟ್ಟಾದ ತೊಟ್ಟಿಗಳಲ್ಲಿ ಗುಳಿಗೆ ತಿನ್ನಿಸಿ ಸಾಕುವ ಪದ್ಧತಿಗಳಿಗೂ ದೊರೆಯುತ್ತದೆ. ಬೇಗನೆ ಲಾಭ ಕಾಣುವ ಆಸೆಯಿಂದ ನಮ್ಮ ತರುಣರು ಆ ಕಡೆಗೆ ಒಲಿಯುವುದು ಸಹಜ. ಅವರಿಗೆ ನಮ್ಮದೊಂದು ಬಿನ್ನಹ: ಚೀಲವನ್ನು ಕೊಳ್ಳುವ ಮುನ್ನ ಅದರೊಳಗಿನ ಮೀನು ಎಲ್ಲಿಯದೆಂದು ಕೇಳಿರಿ.

ಸರಕಾರದವರು ಮಾಡಬೇಕಾದುದೂ ಸ್ಪಷ್ಟವಾಗಿದೆ. ಮೇವಿನ ಪ್ರತಿಯೊಂದು ಚೀಲದ ಮೇಲೆ ಮೀನುಹುಡಿಯ ಪಾಲನ್ನೂ ಮೂಲವನ್ನೂ ಅಚ್ಚುಹಾಕುವಂತೆ ವಿಧಿಸಲಿ. ಕೇರಳವು 2015ರಲ್ಲಿ ಹಿಡಿಯತಕ್ಕ ಮೀನಿಗೆ ಕನಿಷ್ಠ ಅಳತೆಯನ್ನು ಗೊತ್ತುಮಾಡಿ, ಮತ್ತಿಗೆ 10 ಸೆಂಟಿಮೀಟರು ಎಂದು ನಿಯಮಿಸಿತು. ಇಂತಹ ನಿಯಮವು ದಕ್ಕೆಯಲ್ಲಿ ಮಾತ್ರವಲ್ಲ, ಕಾರ್ಖಾನೆಯ ಬಾಗಿಲಲ್ಲಿಯೂ ಜಾರಿಯಾಗಬೇಕು. ಮರಿಗಳನ್ನು ಕೊಳ್ಳುವವನಿಲ್ಲದಿದ್ದರೆ ಹಿಡಿಯುವವನೂ ಇರಲಾರನು. ಹುಡಿಯ ಕಾರ್ಖಾನೆಗಳಿಗೆ ಉಳಿಕೆಗಳು ಸಲ್ಲಲಿ. ತಿನ್ನತಕ್ಕ ಮೀನು ಮೊದಲು ಸಂತೆಗೆ ಸಲ್ಲಲಿ.

ಹಸಿದವನ ಬಾಯಿಗೆ ನೇರವಾಗಿ ಹೋಗಬಲ್ಲ ಅನ್ನವನ್ನು ಸುತ್ತುಬಳಸಿ, ಐದರಷ್ಟನ್ನು ಒಂದಕ್ಕಿಳಿಸಿ, ಉಳ್ಳವನಿಗೆ ಬಡಿಸುವುದು ಅಭಿವೃದ್ಧಿಯಲ್ಲ. ಮತ್ತಿಯು ಮೊದಲು ಮನುಷ್ಯನ ಪಾಲು, ಅದರಲ್ಲಿಯೂ ಬಡವನ ಪಾಲು. ಕರಾವಳಿಯ ಬಂಧುಗಳೊಡನೆ ಕೊಡಗಿನವರೂ ದನಿಗೂಡಿಸಿ ಈ ಪಾಲನ್ನು ಕೇಳಬೇಕೆಂದು ನಮ್ಮ ಅಭಿಪ್ರಾಯ.