ನಾಯಿ-ಬೆಕ್ಕುಗಳಿಗೆ ಲಸಿಕೆ: ಅತಿಯೂ ಬೇಡ, ಅಲಕ್ಷ್ಯವೂ ಬೇಡ



ನಮ್ಮ ಹಳ್ಳಿಗಳಲ್ಲಿ ಹಣ ಕೊಟ್ಟು ತಂದ ಜಾತಿ ನಾಯಿಗೆ ಎಲ್ಲ ಲಸಿಕೆಗಳನ್ನೂ ವರ್ಷವರ್ಷವೂ ತಪ್ಪದೆ ಹಾಕಿಸುವವರಿದ್ದಾರೆ. ಅದೇ ಊರಿನಲ್ಲಿ ತೋಟ ಕಾಯುವ ನಾಟಿ ನಾಯಿಗೂ, ಕಣಜದ ಇಲಿ ಹಿಡಿಯುವ ಬೆಕ್ಕಿಗೂ ಒಂದು ಲಸಿಕೆಯೂ ಇಲ್ಲ. ಇವೆರಡೂ ಸರಿಯಲ್ಲ.

ಗೊಬ್ಬರ ಹೆಚ್ಚು ಸುರಿದ ಮಾತ್ರಕ್ಕೆ ಇಳುವರಿ ಹೆಚ್ಚುವುದಿಲ್ಲವೆಂಬುದನ್ನು ನೀವು ಬಲ್ಲಿರಿ. ಲಸಿಕೆಯೂ ಹಾಗೆಯೇ. ದೇಹದಲ್ಲಿ ರೋಗನಿರೋಧಕ ಶಕ್ತಿ ಇನ್ನೂ ಇರುವಾಗ ಅದೇ ಲಸಿಕೆ ಮತ್ತೆ ಹಾಕಿಸಿದರೆ ಹೆಚ್ಚಿನ ರಕ್ಷಣೆ ದೊರೆಯದು. ಖರ್ಚು ಮಾತ್ರ ಹೆಚ್ಚು. ಅಪರೂಪಕ್ಕೆ ಅಲರ್ಜಿಯಾಗುವುದುಂಟು. ಬೆಕ್ಕುಗಳಲ್ಲಿ ಬಹಳ ವಿರಳವಾಗಿ ಚುಚ್ಚಿದ ಜಾಗದಲ್ಲಿ ಗಂಟು ಕಟ್ಟಿ ಕ್ಯಾನ್ಸರ್ ಆಗುವುದೂ ಉಂಟು.

ಹಾಗಾದರೆ ಮರಿಗೆ ಹಲವು ಸಲ ಏಕೆ? ತಾಯಿಯ ಮೊದಲ ಹಾಲಿನಿಂದ ಬಂದ ನಿರೋಧಕ ಶಕ್ತಿಯು ಲಸಿಕೆ ಕೆಲಸ ಮಾಡಲು ಬಿಡುವುದಿಲ್ಲ. ಆ ಶಕ್ತಿ ಇಳಿಯುವ ಕಾಲ ಮರಿಯಿಂದ ಮರಿಗೆ ಬೇರೆ. ಆದ್ದರಿಂದ ನಾಯಿಮರಿಗೆ 6-8 ವಾರಗಳಲ್ಲಿ ಡಿಸ್ಟೆಂಪರ್, ಪಾರ್ವೋ ಮತ್ತು ಹೆಪಟೈಟಿಸ್ ಲಸಿಕೆ ಆರಂಭಿಸಿ, 2-4 ವಾರಗಳಿಗೊಮ್ಮೆ ಕೊಡಿಸುತ್ತಾ, ಕೊನೆಯದನ್ನು 16 ವಾರಗಳಲ್ಲಿ ಅಥವಾ ಅನಂತರ ಹಾಕಿಸಬೇಕು. ಹಲವರು ತಪ್ಪಿಸುವುದು ಈ ಕೊನೆಯದನ್ನೇ. 6 ತಿಂಗಳಿನಿಂದ ಒಂದು ವರ್ಷದೊಳಗೆ ಇನ್ನೊಮ್ಮೆ ಹಾಕಿಸಿದ ಮೇಲೆ, ಈ ಮೂರು ರೋಗಗಳ ಲಸಿಕೆಯನ್ನು 3 ವರ್ಷಕ್ಕೊಮ್ಮೆಗಿಂತ ಹೆಚ್ಚು ಸಲ ಕೊಡುವ ಅಗತ್ಯವಿಲ್ಲವೆಂದು ವಿಶ್ವ ಸಣ್ಣಪ್ರಾಣಿ ಪಶುವೈದ್ಯರ ಸಂಘದ 2024ರ ಮಾರ್ಗಸೂಚಿಯೂ ಹೇಳುತ್ತದೆ.

ಆದರೆ ಎಲ್ಲ ಲಸಿಕೆಗೂ ಈ ಮಾತು ಅನ್ವಯಿಸದು. ಇಲಿಜ್ವರದ ಲಸಿಕೆಯ ರಕ್ಷಣೆ ಸುಮಾರು ಒಂದು ವರ್ಷ ಮಾತ್ರ. ಗದ್ದೆಯ ನೀರಿನಲ್ಲಿ, ಇಲಿಗಳಿರುವ ಕಣದಲ್ಲಿ ಓಡಾಡುವ ನಾಯಿಗೆ ಅದು ವರ್ಷಕ್ಕೊಮ್ಮೆ ಬೇಕು. ಹುಚ್ಚುನಾಯಿ ರೋಗದ ಲಸಿಕೆಯನ್ನು 3 ತಿಂಗಳು ತುಂಬಿದ ಮೇಲೆ ಹಾಕಿಸಿ, ನಮ್ಮಲ್ಲಿ ರೂಢಿಯಿರುವಂತೆ ವರ್ಷಕ್ಕೊಮ್ಮೆ ನಾಯಿ, ಬೆಕ್ಕು ಎರಡಕ್ಕೂ ಮುಂದುವರಿಸಿರಿ. ಈ ರೋಗದ ಲಕ್ಷಣ ಕಂಡ ಮೇಲೆ ಮನುಷ್ಯರಿಗಾಗಲಿ ದನಕರುಗಳಿಗಾಗಲಿ ಚಿಕಿತ್ಸೆಯಿಲ್ಲ. ಹುಚ್ಚು ಹಿಡಿದ ನಾಯಿಯ ಒಂದು ಕಡಿತದಿಂದ ಹಾಲು ಕೊಡುವ ಹಸುವನ್ನೇ ಕಳೆದುಕೊಳ್ಳಬೇಕಾದೀತು.

ಲಸಿಕೆಯ ಚೀಟಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿ. ದಿನಾಂಕ, ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ ಅದರಲ್ಲಿರಲಿ. ಚೀಟಿ ಕಳೆದರೆ ಹಾಕಿಸಿದ್ದನ್ನೇ ಮತ್ತೆ ಹಾಕಿಸಬೇಕಾಗುತ್ತದೆ. "ಈ ಸಲ ಯಾವ ರೋಗದ್ದು, ಏಕೆ ಬೇಕು?" ಎಂದು ಪಶುವೈದ್ಯರನ್ನು ಕೇಳಲು ಸಂಕೋಚಪಡಬೇಡಿ. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಜೇಬಿನಲ್ಲಿಟ್ಟು ಬಿಸಿಲಿನಲ್ಲಿ ತಂದ ಲಸಿಕೆಯನ್ನು ನಂಬುವಂತಿಲ್ಲ.

ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕಾದರೂ ರೇಬೀಸ್ ಲಸಿಕೆ ಬಿದ್ದರೆ ರೋಗ ಹರಡುವ ಸರಪಳಿ ಕಡಿಯುತ್ತದೆ. ನಿಮ್ಮ ಒಂದು ನಾಯಿಗೆ ಹತ್ತು ಸೂಜಿ ಚುಚ್ಚಿಸಿದರೆ ಈ ಫಲ ಸಿಗದು. ಬೇಡದ ಲಸಿಕೆಯಿಂದ ಉಳಿದ ಹಣದಲ್ಲಿ ನೆರೆಮನೆಯ ನಾಯಿಗೊಂದು ರೇಬೀಸ್ ಲಸಿಕೆ ಹಾಕಿಸಿರಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಉಚಿತ ಶಿಬಿರಗಳು ನಡೆಯುವುದುಂಟು. ವಿಚಾರಿಸಿ, ಊರಿನವರನ್ನೂ ಕರೆದೊಯ್ಯಿರಿ. ನಿಮ್ಮ ಮನೆಯ ಮಕ್ಕಳಿಗೂ ಕೊಟ್ಟಿಗೆಯ ದನಗಳಿಗೂ ರಕ್ಷಣೆ ಸಿಗುವುದು ಇದರಿಂದಲೇ.