ಕಡಲಂಚಿನ ಹೊಂಗೆ, ಬಯಲುಸೀಮೆಯ ಹಿತ್ತಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಕ್ಕಳಿಗೆ ಹೊಂಗೆ ಮರವನ್ನು ಪರಿಚಯಿಸಬೇಕಾಗಿಲ್ಲ. ಹಳ್ಳದ ದಂಡೆಯಲ್ಲಿ, ಹೊಲದ ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ ಅದು ಇದ್ದೇ ಇದೆ. ಆದರೆ ಇದು ಕಡಲಂಚು ಮತ್ತು ಹೊಳೆದಂಡೆಗಳ ಮರ ಎಂದರೆ ಬಹಳ ಮಂದಿ ನಂಬುವುದಿಲ್ಲ. ಕಡಲೋ ಇಲ್ಲಿಂದ ನೇರವಾಗಿ ಅಳೆದರೂ ಇನ್ನೂರು ಕಿಲೋಮೀಟರ್ ಆಸುಪಾಸಿನ ದೂರ. ನಡುವೆ ಪಶ್ಚಿಮ ಘಟ್ಟ ಬೇರೆ.

ಗುಟ್ಟು ಅದರ ಕಾಯಿಯಲ್ಲಿದೆ. ಹೊಂಗೆಯ ಚಪ್ಪಟೆ ಕಾಯಿ ಒಣಗಿದ ಮೇಲೂ ತಾನಾಗಿ ಬಿರಿಯುವುದಿಲ್ಲ. ಒಣ ಕಾಯಿಯೊಂದನ್ನು ಬಕೆಟ್ ನೀರಿಗೆ ಹಾಕಿದರೆ ತೇಲುತ್ತದೆ. ಹೀಗೆ ತೇಲಿ ದಡ ಸೇರಿ ಮೊಳೆಯುವ ಈ ಮರ ಭಾರತದಿಂದ ಉತ್ತರ ಆಸ್ಟ್ರೇಲಿಯಾದವರೆಗಿನ ಕರಾವಳಿಗಳಲ್ಲಿ ಸಹಜವಾಗಿ ಬೆಳೆಯುತ್ತದೆ. ಉಪ್ಪುನೀರಿನ ಮಗ್ಗುಲಲ್ಲಿ ಬದುಕಿದ ಜಾತಿಯಾದ್ದರಿಂದ ಸವಳು ನೆಲವನ್ನೂ ತಾಳುತ್ತದೆ. ಬೇರು ಆಳಕ್ಕೆ ಇಳಿಯುವುದರಿಂದ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಕಡೆಯೂ ಹಸಿರಾಗಿ ನಿಲ್ಲುತ್ತದೆ.

ಹೆಸರಿನಲ್ಲೂ ಒಂದು ಪಾಠವಿದೆ. ಪಾಲು ಹಾಲಾದಂತೆ, ಪೂ ಹೂವಾದಂತೆ, ಪೊಂಗೆ ಹೊಂಗೆಯಾಯಿತು. ತಮಿಳು, ಮಲಯಾಳಗಳಲ್ಲಿ ಆ ಪಕಾರ ಹಾಗೆಯೇ ಉಳಿದಿದೆ. ಸಸ್ಯಶಾಸ್ತ್ರದ ಪೊಂಗಾಮಿಯಾ ಎಂಬ ಹೆಸರು ಬಂದಿರುವುದೂ ಅಲ್ಲಿಂದಲೇ.

ಇಷ್ಟೆಲ್ಲ ಗಟ್ಟಿಯಾದ ಮರ ಶಾಲೆಯಂಗಳದಲ್ಲಿ ಏಕೆ ಸಾಯುತ್ತದೆ? ಕೆ.ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ಜುಲೈ ತಿಂಗಳಲ್ಲಿ ಬರುತ್ತದೆ. ಸಸಿ ನೆಡುತ್ತಾರೆ, ಫೋಟೋ ತೆಗೆಯುತ್ತಾರೆ. ಮಾರ್ಚ್ ಬರುವಾಗ ಮಕ್ಕಳು ಪರೀಕ್ಷೆಯಲ್ಲಿ, ಏಪ್ರಿಲ್‌ನಲ್ಲಿ ರಜೆಯಲ್ಲಿ. ಸಸಿಗೆ ನೀರು ಬೇಕಾಗುವುದೇ ಆಗ. ಬೆಳೆದ ಹೊಂಗೆ ಬರವನ್ನು ಗೆಲ್ಲುತ್ತದೆ. ಎಳೆಯ ಹೊಂಗೆ ಗೆಲ್ಲುವುದಿಲ್ಲ. ಐವತ್ತು ಸಸಿ ನೆಟ್ಟು ಮರೆಯುವುದಕ್ಕಿಂತ ಮನೆಯ ಹಿತ್ತಲಲ್ಲಿ ಒಂದನ್ನು ಉಳಿಸುವುದು ಲೇಸು.

ಬೇಸಿಗೆಯಲ್ಲಿ ಮರದ ಕೆಳಗೆ ಬಿದ್ದ ಕಾಯಿಗಳನ್ನು ಆರಿಸಿ ತಂದು, ಅಂಚನ್ನು ಮೆಲ್ಲಗೆ ಕುಟ್ಟಿ ಬೀಜ ಬಿಡಿಸಬೇಕು. ಬೀಜ ಕಹಿ, ತಿನ್ನುವುದಕ್ಕಲ್ಲ. ಚಿಕ್ಕ ಮಕ್ಕಳ ಮೇಲೆ ಕಣ್ಣಿರಲಿ. ಒಂದು ರಾತ್ರಿ ನೆನೆಸಿ, ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲದಲ್ಲಿ ಸುಮಾರು ಎರಡು ಸೆಂಟಿಮೀಟರ್ ಆಳದಲ್ಲಿ ಊರಬೇಕು. ಎರಡು ಮೂರು ವಾರದೊಳಗೆ ಮೊಳಕೆ ಕಾಣುತ್ತದೆ. ಹಾಲಿನ ಪ್ಯಾಕೆಟ್ ಸಾಲದು, ತಾಯಿಬೇರು ತಳದಲ್ಲಿ ಸುತ್ತಿಕೊಳ್ಳುತ್ತದೆ. ಉದ್ದನೆಯ ಚೀಲ ಬೇಕು. ಮರುವರ್ಷದ ಮುಂಗಾರಿನಲ್ಲಿ, ಸಸಿ ಎರಡು ಅಡಿ ಆದಾಗ, ಎರಡಡಿ ಗುಂಡಿ ತೆಗೆದು ನೆಡಬೇಕು. ಮನೆಯ ಗೋಡೆಯಿಂದ, ನೀರಿನ ತೊಟ್ಟಿಯಿಂದ ಹದಿನೈದು ಇಪ್ಪತ್ತಡಿ ದೂರವಿರಲಿ; ಅದರ ಬೇರು ಪಕ್ಕಕ್ಕೂ ಹರಿಯುತ್ತದೆ. ಕೆಂಪು ಮಸಾರಿಯಾದರೂ ಸರಿ, ಕರಿ ಎರೆಯಾದರೂ ಸರಿ, ಹೊಂಗೆ ತಕರಾರು ಮಾಡುವುದಿಲ್ಲ.

ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಕೊಡ ನೀರು ಬೇಕು. ಊರಿಗೆ ಹೋಗುವವರು ತಳಕ್ಕೆ ಸಣ್ಣ ತೂತು ಮಾಡಿ, ಬಟ್ಟೆಯ ಬತ್ತಿ ತೂರಿಸಿದ ಹಳೆಯ ಮಡಕೆಯನ್ನು ಬುಡದ ಪಕ್ಕ ಹೂತು, ನೀರು ತುಂಬಿ, ಬಾಯಿ ಮುಚ್ಚಿ ಹೋಗಬಹುದು. ನೀರು ಮೆಲ್ಲಗೆ ಜಿನುಗುತ್ತಿರುತ್ತದೆ.

ಎಲೆಯ ಮೇಲೆ ಗುಳ್ಳೆಗಳೆದ್ದರೆ ಪಾಲಕರು ಔಷಧಿ ಹುಡುಕಿಕೊಂಡು ಹೊರಡುವುದುಂಟು. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮಾಡುವ ಕೆಲಸ ಅದು. ಬೆಳೆದ ಮರಕ್ಕೆ ಅದರಿಂದ ದೊಡ್ಡ ಕೇಡಿಲ್ಲ. ಬೇಸಿಗೆಯ ಆರಂಭದಲ್ಲಿ ಎಲೆ ಉದುರಿದರೂ ಗಾಬರಿ ಬೇಡ. ನಿತ್ಯಹಸಿರು ಎಂದರೂ ಹೊಂಗೆ ಕೆಲವು ದಿನ ಬೋಳಾಗುವುದುಂಟು, ಯುಗಾದಿಯ ಹೊತ್ತಿಗೆ ಮತ್ತೆ ಚಿಗುರುತ್ತದೆ. ಮಡಗಾಸ್ಕರ್‌ನಿಂದ ಬಂದ ಗುಲ್‌ಮೊಹರ್ ಕೆಂಪಾಗಿ ಅರಳುವ ಬಿರುಬಿಸಿಲಿನಲ್ಲಿ ಅದರ ಕೆಳಗೆ ನೆರಳೇ ಇರುವುದಿಲ್ಲ. ಹೊಂಗೆಯ ಕೆಳಗೆ ದನವೂ ಮಲಗುತ್ತದೆ, ಮಕ್ಕಳೂ ಓದುತ್ತಾರೆ.

ನಾಲ್ಕರಿಂದ ಏಳು ವರ್ಷಕ್ಕೆ ಕಾಯಿ ಬಿಡತೊಡಗುತ್ತದೆ. ಐದನೆಯ ತರಗತಿಯಲ್ಲಿ ಬೀಜ ಊರಿದ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮನೆಗೆ ಬರುವ ಹೊತ್ತಿಗೆ, ಅದೇ ಗಿಡದ ನಸುಗೆಂಪು ಬೆರೆತ ಬಿಳಿ ಹೂವು ಅಂಗಳದಲ್ಲಿ ಉದುರಿರಬಹುದು.